ಕಿವಿ ಮುಚ್ಚುವ ಕುರ್ಚಿ

ಕುಮಟೆಯ ಫರ್ನಿಚರ್ ಅಂಗಡಿಗಳಲ್ಲಿ ಈಗ ವಿಂಗ್ ಚೇರ್ ಕೂಡ ಸಿಗುತ್ತದೆ. ಎತ್ತರದ ಬೆನ್ನು, ಮೆತ್ತನೆಯ ಗಾದಿ, ತಲೆಯ ಇಕ್ಕೆಲದಲ್ಲೂ ಅಗಲ ಕಿವಿ. 17ನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲೆಂಡಿನವರು ಇದನ್ನು ಮಾಡಿಕೊಂಡದ್ದಕ್ಕೆ ಕಾರಣವಿತ್ತು: ಅಗ್ಗಿಷ್ಟಿಕೆಯ ಕಾವು ಚದುರಬಾರದು, ಬಾಗಿಲ ಸಂದಿಯ ಚಳಿಗಾಳಿ ಕುತ್ತಿಗೆಗೆ ತಾಗಬಾರದು. ನಮ್ಮ ಭಟ್ಕಳ, ಹೊನ್ನಾವರದ ಕಡೆ ಮೇ ತಿಂಗಳ ಮಧ್ಯಾಹ್ನ ಅಂಥ ಗಾಳಿಯೊಂದು ಒಳಬಂದರೆ ಮಣೆ ಹಾಕಿ, ಬೆಲ್ಲ ನೀರು ಕೊಟ್ಟು ಕೂರಿಸಿಕೊಂಡೇವು. ಗಾದಿಯ ಗತಿ ಆಷಾಢದ ಬೂಸಲಿಗೇ ಗೊತ್ತು.

ನಮ್ಮದು ಆರಾಮ ಕುರ್ಚಿಯ ಸೀಮೆ. ಸಾಗವಾನಿ ಚೌಕಟ್ಟು, ಬೆತ್ತದ ಹೆಣಿಗೆ, ಕಾಲು ಚಾಚಲು ಉದ್ದನೆಯ ತೋಳು. ಅಷ್ಟು ಅನುಕೂಲವಿಲ್ಲದವರಿಗೆ ಪಟ್ಟೆ ಬಟ್ಟೆಯ ಮಡಚುವ ಕುರ್ಚಿ. ಜಾಗ ಮಾತ್ರ ಜಗಲಿಯೇ. ಅಜ್ಜ ಅದರಲ್ಲಿ ಕವಳ ಹಾಕಿ ಕಣ್ಣು ಮುಚ್ಚಿದರೆ ನಿದ್ದೆ ಬಂತೆಂದು ನಂಬುತ್ತಿದ್ದವರು ಹೊಸ ಅಳಿಯಂದಿರು ಮಾತ್ರ. ಹಿತ್ತಲಲ್ಲಿ ತೆಂಗಿನಕಾಯಿ ಬಿದ್ದರೆ, "ಬೇಲಿಯಾಚೆ ಬಿತ್ತು, ಓಡು" ಎನ್ನುತ್ತಿದ್ದ. ಅಡುಗೆಮನೆಯ ಪಿಸುಮಾತಿಗೆ ಜಗಲಿಯಿಂದಲೇ ಒಂದು ಹೂಂಕಾರ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳವನ್ನು ಹುಡುಗನಾಗಿದ್ದಾಗಿನಿಂದ ಕಂಡವನು. ಗದ್ದೆಯಾಚೆಯ ಚಂಡೆ ಕೇಳಿಯೇ ಯಾವ ವೇಷ ರಂಗಕ್ಕೆ ಬಂತೆಂದು ಹೇಳುವನು. 1998ರಲ್ಲಿ ಕೊಂಕಣ ರೈಲು ಪೂರ್ತಿ ದಾರಿ ಓಡತೊಡಗಿದ ಮೇಲೆ ಅದರ ಕೂಗನ್ನು ತನ್ನ ಗಡಿಯಾರಕ್ಕೆ ತಾಳೆ ನೋಡಿ, ತಪ್ಪು ರೈಲಿನದೇ ಎಂದು ತೀರ್ಪು ಕೊಡುತ್ತಿದ್ದ.

ಅಮ್ಮಮ್ಮ ಆ ಕುರ್ಚಿಯಲ್ಲಿ ಕೂತದ್ದನ್ನು ನಾನು ಕಂಡಿಲ್ಲ. ಹೊಸ್ತಿಲ ಬಳಿ ನೆಲದ ಮೇಲೆ ಮಲ್ಲಿಗೆ ಕಟ್ಟುತ್ತಿದ್ದಳು. ಅಜ್ಜ ತೋಟಕ್ಕೆ ಹೋದಾಗ ಅದರ ಮೇಲೆ ಅವಳು ಹಲಸಿನ ಹಪ್ಪಳ ಒಣಹಾಕುತ್ತಿದ್ದಳು. ಸೇಡೋ ಅನುಕೂಲವೋ, ಕೇಳುವ ಧೈರ್ಯ ನಮಗಿರಲಿಲ್ಲ.

ಹೆದ್ದಾರಿ 66 ಅಗಲವಾಗುವಾಗ ರಸ್ತೆಬದಿಯ ಎಷ್ಟೋ ಜಗಲಿಗಳು ಹೋದವು. ಹೊಸ ಮನೆಗಳಲ್ಲಿ ಎ.ಸಿ. ಇದೆ. ದುಡ್ಡು ಕೊಟ್ಟು ತಂದ ಆ ಚಳಿಯಲ್ಲಿ ವಿಂಗ್ ಚೇರಿಗೂ ಅಂತೂ ಕೆಲಸ ಸಿಕ್ಕಿತು. ಹೊನ್ನಾವರದ ಚಿಕ್ಕಪ್ಪನಿಗೆ ಬೆಂಗಳೂರಿನ ಮಗ ಒಂದನ್ನು ಕಳಿಸಿದ್ದಾನೆ. ಬದಿಯಿಂದ ಮಾತಾಡಿಸಿದರೆ ಚಿಕ್ಕಪ್ಪನಿಗೆ ಕಾಣುವುದಿಲ್ಲ, ಕೇಳುವುದೂ ಇಲ್ಲ. ಎದುರಿಗೇ ಹೋಗಿ ನಿಲ್ಲಬೇಕು. ನಿಂತು, "ಆರಾಮಾ ಚಿಕ್ಕಪ್ಪ?" ಎಂದೆ.

"ಕುರ್ಚಿಯೇನೋ ಆರಾಮೇ ಮಾರಾಯ" ಎಂದ. "ಇದ್ರಲ್ಲಿ ಕೂತ್ರೆ ಮನೇಲಿ ಯಾರೂ ಇಲ್ಲ ಅನ್ನೋದೇ ಗೊತ್ತಾಗೂದಿಲ್ಲ."