ಸಾಲು ದಾಟುವ ಚೀಟಿ

ನಮ್ಮ ಹಿರೀಕರಿಗೆ ಸಾಲಿನ ಭಾಗ್ಯ ಇರಲಿಲ್ಲ. ಸಾಲಿನಲ್ಲಿ ನಿಲ್ಲಬೇಕಾದರೆ ಮೊದಲು ಅದರಲ್ಲಿ ಒಂದು ಜಾಗ ಇರಬೇಕಲ್ಲ. ಊರಬಾವಿಯ ಹತ್ತಿರ ಮೊದಲು ಬಂದವರು ಮೊದಲು ಸೇದಿಕೊಳ್ಳಬೇಕು ಅನ್ನುವ ನ್ಯಾಯ ಊರಿನವರ ಊರಿನವರ ನಡುವೆ ಇತ್ತು. ನಮ್ಮ ಅವ್ವಂದಿರು ಅಷ್ಟು ದೂರದಲ್ಲಿ ಕೊಡ ಇಟ್ಟುಕೊಂಡು, ಯಾರಾದರೂ ಮನಸ್ಸು ಮಾಡಿ ಮೇಲಿನಿಂದ ಸುರಿಯುವ ತನಕ ನೋಡ್ತಾ ನಿಂತಿರಬೇಕು. ಆರು ಗಂಟೆಗೆ ಬಂದರೂ ಅಷ್ಟೆ, ಹತ್ತು ಗಂಟೆಗೆ ಬಂದರೂ ಅಷ್ಟೆ. 1927ರ ಮಾರ್ಚಿಯಲ್ಲಿ ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಗೆ ಸಾವಿರಾರು ಜನರ ಜೊತೆ ನಡೆದು ಹೋಗಿ ಬೊಗಸೆ ನೀರು ಕುಡಿದರು. ಮಿಕ್ಕ ಎಲ್ಲರೂ ಇಳಿಯುವ ಮೆಟ್ಟಿಲಲ್ಲಿ ನಾವೂ ಇಳಿಯುತ್ತೇವೆ ಅಂದದ್ದಕ್ಕೇ ಅವತ್ತು ಆ ಜನರ ತಲೆ ಒಡೆದರು.

ಆದ್ದರಿಂದ ಪೇಟೆಗೆ ಬಂದ ಮೇಲೆ ನಮಗೆ ಸಾಲು ಹಿಡಿಸಿತು ಅಂತಲೇ ಹೇಳಬೇಕು. ಸೀಮೆಎಣ್ಣೆಗೆ ಡಬ್ಬಗಳ ಸಾಲು, ಬೀದಿ ನಲ್ಲಿಗೆ ಕೊಡಗಳ ಸಾಲು. ಕೊಡ ಇಟ್ಟವಳ ಜಾತಿ ಕೇಳದೆ ಕೊಡಕ್ಕೇ ಜಾಗ ಸಿಕ್ಕ ಕಾಲ ಅದು. ಜಗಳ ಇರಲಿಲ್ಲವಾ? ಇತ್ತು, ಜುಟ್ಟು ಹಿಡಿದು ಎಳೆದಾಡುವಷ್ಟು ಇತ್ತು. ಆದರೆ ಆ ಜಗಳ ‘ನಾನು ಮೊದಲು ಬಂದೆ’ ಅನ್ನೋದರ ಮೇಲೆ ನಡೀತಿತ್ತು. 1952ರಲ್ಲಿ ನಮ್ಮ ತಾತಂದಿರು ಮೊದಲ ಸಲ ಓಟು ಹಾಕಿದಾಗ ಗೌಡನ ಹಿಂದೆ ಹೊಲೆಯ, ಹೊಲೆಯನ ಹಿಂದೆ ಶಾನುಭೋಗ ನಿಲ್ಲಬೇಕು ಅಂತ ಕಾನೂನೇ ಹೇಳಿತು. ಎಷ್ಟು ಊರಲ್ಲಿ ಹಾಗೇ ನಿಂತರೋ ಅದು ಬೇರೆ ಮಾತು.

ಇದನ್ನೆಲ್ಲ ಈಗ ಯಾಕೆ ಎತ್ತುತ್ತಿದ್ದೀವಿ ಅಂದರೆ, ಯಶವಂತಪುರದಲ್ಲಿ ನಾವು ನಡೆಸುವ ಸಂಜೆ ಪಾಠದ ಮಕ್ಕಳನ್ನು ಬಿಡದಿಯ ವಂಡರ್‌ಲಾಗೆ ಕರೆದುಕೊಂಡು ಹೋಗುವ ವಿಚಾರದಲ್ಲಿ ಮೂರು ವಾರ ನಮ್ಮ ರೂಮಿನಲ್ಲಿ ವಾದ ನಡೆಯಿತು. ಎಪಿಎಂಸಿ ಯಾರ್ಡಿನಲ್ಲಿ ಮೂಟೆ ಹೊರುವವರ ಮಕ್ಕಳು, ಪೌರಕಾರ್ಮಿಕರ ಮಕ್ಕಳು, ಸ್ಟೇಷನ್ ಹಿಂದುಗಡೆ ಶೆಡ್ಡಿನಲ್ಲಿರುವ ರಾಯಚೂರು, ಕೊಪ್ಪಳದ ಕಡೆಯವರ ಮಕ್ಕಳು, ಎಲ್ಲ ಸೇರಿ 38. ಮೈಸೂರು ರಸ್ತೆಯ ಆ ಪಾರ್ಕು ಶುರುವಾದದ್ದು 2005ರಲ್ಲಿ. ಅವತ್ತಿನಿಂದ ಇವತ್ತಿನವರೆಗೆ ಬಸ್ಸುಗಳ ಹಿಂದೆ ಅದರ ಜಾಹೀರಾತು ನೋಡಿಕೊಂಡೇ ನಮ್ಮ ಹುಡುಗರ ಎರಡು ತಲೆಮಾರು ಬೆಳೆದಿದೆ. ತಿಂಗಳು ತಿಂಗಳು ಐವತ್ತು ರೂಪಾಯಿ ಹಾಕಿದ ತಾಯಂದಿರ ಡಬ್ಬಿ, ಯಾರ್ಡಿನ ಹಮಾಲಿ ಅಣ್ಣಂದಿರ ಚಂದಾ, ಕೆಲಸಕ್ಕೆ ಸೇರಿದ ಹಳೇ ವಿದ್ಯಾರ್ಥಿಗಳು ಕೊಟ್ಟದ್ದು, ಎಲ್ಲ ಕೂಡಿ ದುಡ್ಡಾಯಿತು. ಹೋಗುವುದು ಖಾತ್ರಿ ಆದ ಮೇಲೆ ಪ್ರಶ್ನೆ ಎದ್ದಿತು: ಯಾವ ಟಿಕೆಟ್ಟು?

ಅಲ್ಲಿ ಎರಡು ಬಗೆ ಉಂಟು. ಮಾಮೂಲು ಟಿಕೆಟ್ಟು ಒಂದು, ಫಾಸ್ಟ್‌ಟ್ರ್ಯಾಕ್ ಅನ್ನೋದು ಇನ್ನೊಂದು. ಒಳಗಿನ ಆಟಗಳು ಅವೇ, ಯಂತ್ರಗಳು ಅವೇ. ಫಾಸ್ಟ್‌ಟ್ರ್ಯಾಕಿನವರಿಗೆ ಬೇರೆ ಸಾಲು, ಅದು ಬೇಗ ಸಾಗುತ್ತದೆ. ದರ ದಿನದ ಮೇಲೆ ಏರಿಳಿಯುತ್ತದೆ, ಆದರೆ ಅದು ಮಾಮೂಲಿನ ದುಪ್ಪಟ್ಟಿನ ಆಸುಪಾಸು ಅಂತ ಇಟ್ಟುಕೊಳ್ಳಿ. ಇದು ಈ ಕಂಪನಿಯವರು ಕಂಡುಹಿಡಿದ ವಿದ್ಯೆಯೇನಲ್ಲ. ಅಮೆರಿಕದ ಡಿಸ್ನಿ ಪಾರ್ಕುಗಳು 1999ರಲ್ಲಿ ಸಾಲು ತಪ್ಪಿಸುವ ಚೀಟಿ ತಂದಾಗ ಅದು ಟಿಕೆಟ್ಟು ಕೊಂಡ ಎಲ್ಲರಿಗೂ ಪುಕ್ಕಟೆ. ಚೀಟಿ ತಗೊಂಡು, ಅದರಲ್ಲಿ ಬರೆದ ಹೊತ್ತಿಗೆ ಬಂದರಾಯಿತು. 2021ರಲ್ಲಿ ಆ ಪುಕ್ಕಟೆ ಪದ್ಧತಿಯನ್ನು ಫ್ಲಾರಿಡಾದಲ್ಲಿ ಕೈಬಿಟ್ಟು ಅದನ್ನೇ ದುಡ್ಡಿಗೆ ಮಾರಲು ಶುರುಮಾಡಿದರು. ಎಲ್ಲರಿಗೂ ಸೇರಿದ್ದ ಒಂದು ಅನುಕೂಲ ಇಪ್ಪತ್ತೆರಡು ವರ್ಷದಲ್ಲಿ ಉಳ್ಳವರ ಸರಕಾಯಿತು.

ನಮ್ಮ ಡಬ್ಬಿಯ ಲೆಕ್ಕ ಸರಳ. ಮಾಮೂಲು ಟಿಕೆಟ್ಟಾದರೆ 38 ಮಕ್ಕಳೂ ಹೋಗಬಹುದು. ಫಾಸ್ಟ್ ಆದರೆ ಅರ್ಧ ಮಕ್ಕಳು ಹೋಗಬೇಕು, ಅರ್ಧ ಮಕ್ಕಳು ಯಶವಂತಪುರದಲ್ಲೇ ಇರಬೇಕು. ಇಲ್ಲವಾದರೆ ಇನ್ನೊಂದು ವರ್ಷ ಡಬ್ಬಿ ತುಂಬಿಸಬೇಕು. ಇಷ್ಟಕ್ಕೇ ವಾದ ಮುಗಿಯಬೇಕಿತ್ತು. ಮುಗಿಸಲು ಬಿಡದವಳು ಒಬ್ಬ ತಾಯಿ. ಬೆಳಗಿನ ಜಾವಕ್ಕೇ ಎದ್ದು ಪೊರಕೆ ಹಿಡಿದು ಹಾಜರಿಗೆ ನಿಲ್ಲುವ ಪೌರಕಾರ್ಮಿಕಳು.

"ಮೇಷ್ಟ್ರೇ, ಹಾಜರಿ ಹಾಕ್ಸಕ್ಕೆ ಲೈನು. ಸಂಬಳ ಬರ್ದೆ ಹೋದ್ರೆ ಕೇಳಕ್ಕೆ ಲೈನು. ಆಸ್ಪತ್ರೆ ಲೈನು, ಆಧಾರ್ ಲೈನು. ಹುಟ್ಟಿದಾಗ್ಲಿಂದ ಲೈನಲ್ಲೇ ಇದೀನಿ. ನನ್ ಮಗ್ಳು ಒಂದ್ ದಿನ, ಒಂದೇ ಒಂದ್ ದಿನ, ಎಲ್ರಿಗಿಂತ ಮುಂದೆ ಹೋದ್ರೆ ನಿಮ್ ಗಂಟೇನ್ ಹೋಯ್ತದೆ? ಇನ್ನೊಂದ್ ವರ್ಷ ಕಾದ್ರೂ ಸರಿ, ಹೋದ್ರೆ ದೊರೆ ಮಕ್ಕಳಂಗೆ ಹೋಗ್ಲಿ."

ಈ ಮಾತನ್ನು ಅಲ್ಲಗಳೆಯುವುದು ಸುಲಭವಲ್ಲ, ಓದುಗರೆ. ಸಮಾನತೆಯ ಭಾಷಣ ಮಾಡುವವರೆಲ್ಲ ನಮ್ಮ ಜನಕ್ಕೆ ಮಾತ್ರ ಸಂಯಮ ಕಲಿಸುತ್ತಾರೆ. ಉಳ್ಳವರು ಮದುವೆಗೆ ಕೋಟಿ ಸುರಿದರೆ ವೈಭವ, ನಮ್ಮವರು ಸಾಲ ಮಾಡಿ ಮಗಳಿಗೆ ಒಂದು ರೇಷ್ಮೆ ಲಂಗ ತಂದರೆ ದುಂದು. ಬಡವರ ಮಕ್ಕಳಿಗೆ ಟಿಕೆಟ್ಟು ಸಿಕ್ಕಿದ್ದೇ ಹೆಚ್ಚು ಅನ್ನುವ ದನಿಯಲ್ಲಿ ನಾವು ಅವಳಿಗೆ ಉತ್ತರ ಕೊಟ್ಟಿದ್ದರೆ ಅದು ಜಮೀನ್ದಾರನ ದನಿಯೇ ಆಗುತ್ತಿತ್ತು. ಆದ್ದರಿಂದ ಮುಂದಿನ ವಾರಕ್ಕೆ ಮಾತು ಮುಂದೂಡಿದೆವು.

ಆ ವಾರ ನಮ್ಮಲ್ಲಿ ಗಣಿತ ಹೇಳುವ ಮಿತ್ರರು ಬೋರ್ಡಿನ ಮೇಲೆ ಒಂದು ಲೆಕ್ಕ ಹಾಕಿದರು. ಹಳ್ಳಿ ಶಾಲೆಯ ಮೇಷ್ಟ್ರುಗಳಿಗೆ ಉಪಯೋಗಕ್ಕೆ ಬಂದೀತು ಅಂತ ಬರೆಯುತ್ತೇವೆ. ಒಂದು ಆಟದ ಯಂತ್ರದಲ್ಲಿ 24 ಜನ ಕೂರಬಹುದು, ಒಂದು ಸುತ್ತಿಗೆ 5 ನಿಮಿಷ ಅಂದುಕೊಳ್ಳಿ. ಸಾಲಿನಲ್ಲಿ 96ನೆಯವಳಾಗಿ ನಿಂತ ಹುಡುಗಿ ನಾಲ್ಕನೇ ಸುತ್ತಿಗೆ ಹತ್ತುತ್ತಾಳೆ. ಈಗ ಪ್ರತಿ ಸುತ್ತಿನಲ್ಲೂ 8 ಸೀಟು ದುಪ್ಪಟ್ಟು ಕೊಟ್ಟವರಿಗೆ ಹೋಯಿತು. ಉಳಿದದ್ದು 16. ಅದೇ ಹುಡುಗಿಗೆ ಆರನೇ ಸುತ್ತಿಗೆ ಪಾಳಿ. ಒಂದು ಆಟಕ್ಕೆ ಹತ್ತು ನಿಮಿಷ ಹೋಯಿತು, ಹತ್ತು ಆಟಕ್ಕೆ ನೂರು ನಿಮಿಷ.

ಏಳನೇ ಕ್ಲಾಸಿನ ಹುಡುಗ ಕೇಳಿದ: "ಸಾರ್, ಆ ನೂರು ನಿಮಿಷದ ದುಡ್ಡು ಅವಳಿಗೆ ಕೊಡ್ತಾರಾ?"

ಇಲ್ಲ ಕಣಪ್ಪ. ಕಳೆದುಕೊಳ್ಳುವವಳು ಒಬ್ಬಳು, ಕೊಳ್ಳುವವನು ಇನ್ನೊಬ್ಬ, ದುಡ್ಡು ಸೇರುವುದು ಮೂರನೆಯವನಿಗೆ. ಯಂತ್ರ ಜೋರಾಗಿ ತಿರುಗುವುದಿಲ್ಲ, ಸೀಟು ಹೆಚ್ಚಾಗುವುದಿಲ್ಲ. ಹಿಂದೆ ನಿಂತವರ ಹೊತ್ತನ್ನೇ ಕತ್ತರಿಸಿ ಮಾರುವ ವ್ಯಾಪಾರ ಇದು. ಜೊತೆಗೆ ಇನ್ನೊಂದು ಸೂಕ್ಷ್ಮವಿದೆ. ಸಾಲು ಉದ್ದ ಇದ್ದಷ್ಟೂ ಆ ಚೀಟಿಗೆ ಗಿರಾಕಿ. ಜನವೇ ಇಲ್ಲದ ದಿನ ಅದನ್ನು ಕೊಂಡವನು ಪೆದ್ದ. ಅಂದರೆ ನಾವು ಬೆವರು ಸುರಿಸಿಕೊಂಡು ನಿಂತಿರುವುದೇ ಆ ಸರಕಿಗೆ ಬೆಲೆ ತರುತ್ತದೆ. ಚೀಟಿ ಮಾರುವವನಿಗೆ ಸಾಲು ಕರಗಿಸುವ ಆತುರ ಯಾಕಿರುತ್ತದೆ?

ಪಾರ್ಕು ಖಾಸಗಿಯವರದು, ಅವರ ಆಟ, ಅವರ ರೇಟು ಅಂತ ಹೇಳಿಬಿಡಬಹುದು. ಹಾಗಾದರೆ ನಮ್ಮ ಯಶವಂತಪುರ ಸ್ಟೇಷನ್ನಿಗೆ ಬನ್ನಿ. ಅದು ಸರ್ಕಾರದ್ದೇ ತಾನೆ? 1997ರಲ್ಲಿ ತತ್ಕಾಲ್ ಬಂತು. ತುರ್ತಾಗಿ ಹೊರಟವರಿಗೆ ಅಂತ ಶುರುವಾದದ್ದು. 2014ರಲ್ಲಿ ಪ್ರೀಮಿಯಂ ತತ್ಕಾಲ್ ಅಂತ ಇನ್ನೊಂದು ಸೇರಿತು, ಸೀಟು ಕಡಿಮೆಯಾದ ಹಾಗೆ ಅದರ ದರ ಏರುತ್ತದೆ. ಊರಲ್ಲಿ ಅಪ್ಪ ಸತ್ತ ಸುದ್ದಿ ಬಂದ ಕಟ್ಟಡ ಕೆಲಸದ ಹುಡುಗನ ತುರ್ತು, ಹಬ್ಬಕ್ಕೆ ಹೊರಟವನ ಆತುರ, ಎರಡನ್ನೂ ಆ ಕೌಂಟರು ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಆ ಹುಡುಗ ಜನರಲ್ ಬೋಗಿಯ ಬಾಗಿಲಲ್ಲಿ ಜೋತುಬಿದ್ದು ಹೋಗುತ್ತಾನೆ.

ದೇವರ ವಿಷಯ ಕೇಳಲೇಬೇಡಿ. ತಿರುಪತಿಯಲ್ಲಿ 300 ರೂಪಾಯಿ ದರ್ಶನ. ವರ್ಷಕ್ಕೊಮ್ಮೆ ಬಾಗಿಲು ತೆರೆಯುವ ನಮ್ಮ ಹಾಸನಾಂಬೆಯ ಸನ್ನಿಧಿಯಲ್ಲಿ ಈಚಿನ ವರ್ಷಗಳಲ್ಲಿ 300ರ ಸಾಲು, 1000ದ ಸಾಲು, ಇವೆರಡರ ಹಿಂದೆ ಧರ್ಮದರ್ಶನ. ದುಡ್ಡು ಕೊಡದವರು ನಿಲ್ಲುವ ಸಾಲಿಗೆ ‘ಧರ್ಮ’ ಅಂತ ಹೆಸರಿಟ್ಟವರು ಯಾರೋ ನಿಜವಂತರೇ ಇರಬೇಕು. ಈ ವಿಶೇಷ ದರ್ಶನದ ಶುಲ್ಕದ ವಿರುದ್ಧ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಗಿತ್ತು. 2025ರ ಜನವರಿಯಲ್ಲಿ ಕೋರ್ಟು ಅದನ್ನು ಪುರಸ್ಕರಿಸಲಿಲ್ಲ. ವಿಶೇಷ ಉಪಚಾರ ಕೂಡದು ಅನ್ನುವ ಅಭಿಪ್ರಾಯ ಇರಬಹುದು, ಆದರೆ ತಾನು ಆದೇಶ ಮಾಡುವ ವಿಷಯ ಇದಲ್ಲ ಅಂದಿತು. ಗುಡಿಯ ಬಾಗಿಲಲ್ಲಿ ನಮ್ಮ ಜಾತಿ ಕೇಳಿದರೆ ಅಪರಾಧ. ಜೇಬು ಕೇಳಿದರೆ ಸೇವೆ.

ಸಂವಿಧಾನ ಏನು ಹೇಳುತ್ತದೆ ಅಂತ ನಾವು ಆ ವಾರ ತೆಗೆದು ನೋಡಿದೆವು. 15ನೇ ಕಲಮಿನ ಎರಡನೇ ಭಾಗದಲ್ಲಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆ ಜೊತೆಗೆ ಸಾರ್ವಜನಿಕ ಮನರಂಜನೆಯ ಸ್ಥಳಗಳು ಅನ್ನುವ ಮಾತೂ ಇದೆ. ನಮ್ಮ ಮಕ್ಕಳು ಆಡುವ ಹಕ್ಕು ನೀರು ಕುಡಿಯುವ ಹಕ್ಕಿನ ಪಕ್ಕದಲ್ಲೇ ಬರೆದಿದೆ, ಇದು ಸಣ್ಣ ಮಾತಲ್ಲ. ಜಾತಿ, ಧರ್ಮ, ಲಿಂಗ, ಹುಟ್ಟಿದ ಜಾಗದ ಕಾರಣಕ್ಕೆ ಇಲ್ಲಿ ಯಾರನ್ನೂ ತಡೆಯುವಂತಿಲ್ಲ. 1948ರ ನವೆಂಬರ್ 29ರಂದು ಸಂವಿಧಾನ ಸಭೆಯಲ್ಲಿ ಇದರ ಚರ್ಚೆ ನಡೆದಾಗ, ಅಂಗಡಿ ಅಂದರೆ ಯಾವುದು ಅನ್ನುವ ಪ್ರಶ್ನೆ ಬಂತು. ಬಾಬಾಸಾಹೇಬರು ಆ ಪದಕ್ಕೆ ಅಗಲವಾದ ಅರ್ಥ ಕೊಟ್ಟರು: ಶರತ್ತಿಗೆ ಒಪ್ಪಿದ ಗಿರಾಕಿಗೆ ಸೇವೆ ಕೊಡುವ ಜಾಗವೆಲ್ಲ ಅದರಲ್ಲಿ ಸೇರುತ್ತದೆ ಅಂತ. ಕ್ಷೌರದಂಗಡಿ, ಬಟ್ಟೆ ಒಗೆಯುವ ಅಂಗಡಿಯ ಬಾಗಿಲು ತೆರೆಸಲು ಆ ಅರ್ಥ ಬೇಕೇ ಬೇಕಿತ್ತು. ಆದರೆ ‘ಶರತ್ತಿಗೆ ಒಪ್ಪಿದ’ ಅನ್ನುವ ಕಡೆ ನಾವು ತುಂಬ ಹೊತ್ತು ನಿಂತೆವು. ದರವೂ ಒಂದು ಶರತ್ತೇ. ಆ ಬಾಗಿಲಿನಿಂದ ಜಾತಿಯನ್ನು ಹೊರಗೆ ಹಾಕಿದ್ದೀವಿ, ದುಡ್ಡು ಅದೇ ಬಾಗಿಲಲ್ಲಿ ಒಳಗೆ ಬಂದಿದೆ. ಈ ದೇಶದಲ್ಲಿ ದುಡ್ಡು ಯಾವ ಜಾತಿಯವರ ಹತ್ತಿರ ಸೇರಿಕೊಂಡಿದೆ ಅಂತ ಬಿಡಿಸಿ ಹೇಳಬೇಕಾ? ನೂರಾರು ವರ್ಷ ಭೂಮಿ, ಅಕ್ಷರ, ಕಸುಬು ಎಲ್ಲ ಒಂದು ಕಡೆ ಇಟ್ಟುಕೊಂಡು, ಈಗ ‘ಯಾರು ಬೇಕಾದರೂ ಕೊಳ್ಳಬಹುದು ಬನ್ನಿ’ ಅನ್ನೋದು ಒಳ್ಳೇ ತಮಾಷೆ.

ಹೀಗೆ ಮಾತಾಡುತ್ತಿರುವಾಗ ನಮ್ಮಲ್ಲೇ ಓದಿ ಈಗ ಇಂಜಿನಿಯರಿಂಗ್ ಮಾಡುತ್ತಿರುವ ಹುಡುಗ ಬಾಯಿ ಬಿಟ್ಟ. ಕಾಲೇಜಿನಲ್ಲಿ ಜೊತೆಯವರು ಅವನಿಗೆ ‘ನೀನೂ ಫಾಸ್ಟ್‌ಟ್ರ್ಯಾಕೇ ಬಿಡಪ್ಪ’ ಅಂತ ಮೀಸಲಾತಿಯ ಮೇಲೆ ಚುಚ್ಚುತ್ತಾರಂತೆ. ಇದಕ್ಕೆ ಉತ್ತರ ಗಟ್ಟಿಯಾಗಿ ಹೇಳಬೇಕು. ಮೀಸಲಾತಿ ಸಾಲಿನಲ್ಲಿದ್ದವರನ್ನು ಮುಂದಕ್ಕೆ ತಳ್ಳುವ ಚೀಟಿ ಅಲ್ಲ, ಗೇಟಿನ ಆಚೆಯೇ ನಿಲ್ಲಿಸಿದ್ದವರನ್ನು ಸಾಲಿನೊಳಗೆ ತಂದ ಕ್ರಮ. ಅದನ್ನು ಯಾರೂ ಕೊಳ್ಳಲಾಗುವುದಿಲ್ಲ, ಮಾರಲಾಗುವುದಿಲ್ಲ. ಕೊಳ್ಳುವ ಸೀಟು ಬೇರೆ ಇದೆ. ಕರ್ನಾಟಕದಲ್ಲಿ ಕ್ಯಾಪಿಟೇಷನ್ ಹಾವಳಿ ಎಷ್ಟಿತ್ತೆಂದರೆ ಅದನ್ನು ನಿಷೇಧಿಸಲು 1984ರಲ್ಲಿ ಕಾಯ್ದೆಯೇ ಮಾಡಬೇಕಾಯಿತು. 2005ರಲ್ಲಿ ಸುಪ್ರೀಂ ಕೋರ್ಟು ಖಾಸಗಿ ಕಾಲೇಜುಗಳಲ್ಲಿ ಶೇಕಡಾ 15ರ ತನಕ ಎನ್‌ಆರ್‌ಐ ಸೀಟು ಇಟ್ಟುಕೊಳ್ಳಬಹುದು ಅಂದಿತು. ಆ ಸೀಟಿನಲ್ಲಿ ಕೂತವನ ಮೆರಿಟ್ಟನ್ನು ಯಾವ ಕ್ಯಾಂಟೀನಿನಲ್ಲೂ ಯಾರೂ ಚುಚ್ಚುವುದಿಲ್ಲ.

ಹಾಗಂತ ಎಲ್ಲರೂ ಒಂದೇ ಸಾಲಿನಲ್ಲಿ ಕಲ್ಲಿನ ಹಾಗೆ ನಿಲ್ಲಬೇಕು ಅನ್ನುವ ಪೈಕಿ ನಾವಲ್ಲ. ಬಸುರಿ, ಮುದುಕಿ, ಕಾಲಿಲ್ಲದವರು ಮುಂದೆ ಹೋಗಲಿ ಅಂತ ನಲ್ಲಿ ಸಾಲಿನಲ್ಲೂ ನಮ್ಮ ಹೆಂಗಸರು ಬಿಡುತ್ತಿದ್ದರು. ಅದಕ್ಕೆ ರೇಟು ಇರಲಿಲ್ಲ. ನಮ್ಮ 38ರಲ್ಲಿ ಒಬ್ಬಳಿಗೆ ಕಾಲಿಗೆ ಪಟ್ಟಿ ಕಟ್ಟಿಕೊಂಡೇ ನಡೆಯಬೇಕು. ಅವಳನ್ನು ನಿಲ್ಲಿಸದೆ ಬಿಡಿ ಅಂತ ಗೇಟಿನಲ್ಲೇ ಕೇಳುವುದು, ಬಿಡದಿದ್ದರೆ ಹುಡುಗಿಯರು ಸರದಿಯ ಮೇಲೆ ಅವಳ ಜಾಗ ಹಿಡಿಯುವುದು ಅಂತ ಮಕ್ಕಳೇ ಗೊತ್ತುಮಾಡಿದರು.

ಕೊನೆಗೆ ಮಾಮೂಲು ಟಿಕೆಟ್ಟೇ ಅಂತ ಆಯಿತು, 38 ಜನರಿಗೂ. ರಜೆ ಹಬ್ಬ ಬಿಟ್ಟು ವಾರದ ನಡುವಿನ ದಿನ, ಶಾಲೆಗೆ ಅರ್ಜಿ ಕೊಟ್ಟು ಹೋಗುವುದು. ಅವತ್ತು ಜನ ಕಡಿಮೆ, ಸಾಲೂ ಕಡಿಮೆ. ಸಣ್ಣ ಮಕ್ಕಳಿಗೆ ಎತ್ತರ ಸಾಲದೆ ದೊಡ್ಡ ಆಟಗಳು ಹೇಗೂ ಇಲ್ಲ, ಅವರಿಗೆ ದುಪ್ಪಟ್ಟು ಕೊಡುವುದು ದಂಡ. ಕಾಯುವಾಗ ಹಸಿವಾದರೆ ಅಂತ ಬಸ್ಸಿಗೆ ಚಿತ್ರಾನ್ನ, ಹೊರಗೆ ಕೂತು ತಿನ್ನಲು.

ಆ ತಾಯಿ ಪೂರಾ ಒಪ್ಪಿದಳು ಅಂತ ನಾವು ಬರೆದರೆ ಸುಳ್ಳಾಗುತ್ತದೆ. ಅರ್ಧ ಮಕ್ಕಳನ್ನು ಬಿಟ್ಟುಹೋಗುವ ಮಾತಿಗೆ ಮಾತ್ರ ಅವಳ ಬಾಯಿ ಕಟ್ಟಿತು. "ಯಾವ್ ಮಗೀನ ಬಿಡದು ಅಂತ ಯಾರ್ ಹೇಳ್ತಾರೆ, ನಾನಂತೂ ಹೇಳಕಿಲ್ಲ" ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯ್ತು ಮೇಷ್ಟ್ರೇ. ಆದ್ರೆ ಬಸ್ಸಲ್ಲಿ ನನ್ ಮಗ್ಳಿಗೆ ಡ್ರೈವರ್ ಪಕ್ಕದ ಸೀಟೇ ಕೊಡ್ಬೇಕು" ಅಂತ ಪಟ್ಟು ಹಿಡಿದಳು. ಆ ಸೀಟಿಗೆ ಅಷ್ಟರಲ್ಲಾಗಲೇ ಹನ್ನೊಂದು ಜನ ಹೆಸರು ಬರೆಸಿದ್ದರು. ಚೀಟಿ ಎತ್ತಬೇಕಾಯಿತು. ಹೋಗುವಾಗ ಹಮಾಲಿಯ ಮಗನಿಗೆ ಬಂತು, ಬರುವಾಗ ಇವಳ ಮಗಳಿಗೆ.