ಕಾಕಾನ ಹಿಂದಿನ ಗಾಲಿ

ನಮ್ಮ ವಳಕಮದಿನ್ನಿಯ ಕಡೆ ಜಾಲಿಮುಳ್ಳು ಟ್ರ್ಯಾಕ್ಟರಿನ ಮುಂದಿನ ಸಣ್ಣ ಗಾಲಿಗಳ ವೈರಿ. ಹಿಂದಿನ ದೊಡ್ಡ ಗಾಲಿಯ ಜೀವ ತೆಗೆಯುವುದು ತೊಗರಿ ಕೂಳೆ. ಕುಡುಗೋಲಿನಿಂದ ಓರೆಯಾಗಿ ಕೊಯ್ದ ಬುಡ ಎರೆ ಹೊಲದಲ್ಲಿ ಒಣಗಿ ನಿಂತಿತೆಂದರೆ ಭರ್ಚಿಯೇ ಸರಿ.

ನಮ್ಮ ಕಾಕಾನ ಗಾಲಿಗೆ ಅದು ಚುಚ್ಚಿದಾಗ ಹೊರಗೆ ಬಂದದ್ದು ಹವಾ ಅಲ್ಲ, ನೀರು. ಗಾಲಿ ಭಾರವಾಗಿ ನೆಲ ಕಚ್ಚಲೆಂದು ಟ್ಯೂಬಿನ ಮುಕ್ಕಾಲು ಭಾಗ ನೀರು ತುಂಬಿಸುತ್ತಾರೆ, ಕೊಡಗಟ್ಟಲೆ ಹಿಡಿಯುತ್ತದೆ. ರೊಟ್ಟಿ ಬುತ್ತಿ ತಂದಿದ್ದ ಚಿಗವ್ವ ಚಿಮ್ಮುವ ಕಾರಂಜಿಯನ್ನು ಸೊಂಟದ ಮೇಲೆ ಕೈಯಿಟ್ಟು ನೋಡಿದಳು. “ಇಷ್ಟು ನೀರು ಇದರಾಗ ಇಟಗೊಂಡು ನನ್ನ ಬೋರಿಂಗಿಗೆ ಕಳಸ್ತಿದ್ರಲ್ರಿ!”

ಪಂಕ್ಚರ್ ಮಾಮಾ ಟಾಮಿ, ಸುತ್ತಿಗೆ, ಸಲ್ಯೂಷನ್ ಡಬ್ಬಿ ಹೇರಿಕೊಂಡು ಬೈಕಿನಲ್ಲಿ ಬಂದ. ಟೈರು ಬಿಚ್ಚಿ ಒಳಗೆ ಮೊಣಕೈವರೆಗೆ ಕೈಯಿಳಿಸಿ ಸವರಿದ. ಒಳಗೆಲ್ಲ ಹಳೆಯ ಗೇಟರುಗಳು, ಅಂದರೆ ಟೈರಿನ ತುಂಡಿನದೇ ತೇಪೆಗಳು, ಒಂದರ ಅಂಚಿನ ಮೇಲೆ ಇನ್ನೊಂದು.

“ಯಜಮಾನ್ರ, ಇದರಾಗ ಟೈರ್ ಎಷ್ಟೈತಿ, ಗೇಟರ್ ಎಷ್ಟೈತಿ, ನೀವ ಹೇಳ್ರಿ.”

ಈ ಸಲ ಸೀಳಿದ್ದು ಪಕ್ಕೆ. ಹೊರಳುವಾಗಲೆಲ್ಲ ಮಡಚಿ ಬಿಚ್ಚುವ ಜಾಗ ಅದು. ತೇಪೆ ಅಲ್ಲಿ ಬಹಳ ದಿನ ನಿಲ್ಲುವುದಿಲ್ಲ. ಹೊಸದು ಹಾಕಿದರೆ ಸವೆದ ಇನ್ನೊಂದರ ಜೊತೆ ಎತ್ತರ ಕೂಡುವುದಿಲ್ಲ, ಅಂದಮೇಲೆ ಜೋಡಿಯೇ ಬೇಕು. 13.6-28ರ ಜೋಡಿಗೆ ಸಿಂಧನೂರಿನಲ್ಲಿ ದರ ಕೇಳಿಬಂದ ಕಾಕಾ ಅಂದು ರಾತ್ರಿ ತೊಗರಿ ಚೀಲಗಳನ್ನು ಎರಡೆರಡು ಸಲ ಎಣಿಸಿದ.

ಜಿಪುಣತನ ಅಂತೀರಾ? ನಾನು ಅನ್ನಲಾರೆ. ಅವನು ಬೆಳೆದದ್ದು ಅಜ್ಜನ ಬಂಡಿಯ ನೆರಳಿನಲ್ಲಿ. ಬೇಸಿಗೆಗೆ ಕಟ್ಟಿಗೆ ಒಣಗಿ ಹಳಿ ಸಡಿಲಾದರೆ ಅದನ್ನು ತುಸು ಗಿಡ್ಡ ಮಾಡಿ, ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಗಾಲಿಗೆ ತೊಡಿಸಿ, ಚೊಂಯ್ ಎಂದು ನೀರು ಸುರುವುತ್ತಿದ್ದರು. ಬಡಿಗ, ಕಮ್ಮಾರ, ಓಣಿಯ ಹುಡುಗರೆಲ್ಲ ಅಲ್ಲೇ. ಗಾಲಿ ಮತ್ತೆ ಬಿಗಿ. ಗಾಲಿಯನ್ನು ಎಸೆಯಬಹುದು ಎಂಬುದನ್ನು ಅವನಿಗೆ ಯಾರೂ ಕಲಿಸಲಿಲ್ಲ.

ಟ್ರ್ಯಾಕ್ಟರಿಗೂ ಮೊದಲು ಇದ್ದದ್ದು ಕಬ್ಬಿಣದ ಗಾಲಿಯೇ. ಅದನ್ನು ತೆಗೆದು ರಬ್ಬರ್ ಟೈರಿನ ಟ್ರ್ಯಾಕ್ಟರನ್ನು ಅಮೆರಿಕದ ಅಲಿಸ್-ಚಾಮರ್ಸ್ ಕಂಪನಿ ಮಾರುಕಟ್ಟೆಗೆ ತಂದದ್ದು 1932ರಲ್ಲಿ. ಜನ ನಂಬಲೆಂದು ಕಾರ್ ರೇಸಿನವರನ್ನು ಹತ್ತಿಸಿ ಓಡಿಸಿತು. ನಮ್ಮಲ್ಲೋ, ಎಡದಂಡೆ ಕಾಲುವೆಯ ಭತ್ತದ ಗದ್ದೆಗೆ ಇಳಿಯುವಾಗ ಮತ್ತೆ ಕಬ್ಬಿಣದ ಕೇಜ್‌ವೀಲ್ ಕಟ್ಟುತ್ತೇವೆ! ಕಾಕಾನಿಗೆ ಇದನ್ನು ಹೇಳಿದರೆ, “ಅಜ್ಜಗ ಗೊತ್ತಿತ್ತಲೇ,” ಎಂದ.

ಕೊನೆಗೆ ಜೋಡಿ ಬಂತು. ಅಂಗಡಿಯವ ಹಳೆಯವೆರಡನ್ನೂ ಕೇಳಿದರೂ ಕಾಕಾ ಒಂದನ್ನಷ್ಟೇ ಕೊಟ್ಟ. ಮರುವರ್ಷ ಹೊಸ ಟೈರಿಗೂ ಕೂಳೆ ಹೊಕ್ಕಿತು, ಪುಣ್ಯಕ್ಕೆ ನಡುಮಧ್ಯೆ. ಮಾಮಾ ಉಳಿದಿದ್ದ ಹಳೇ ಟೈರಿನ ಪದರ ಸುಲಿದು ಅಂಗೈಯಗಲದ ಗೇಟರ್ ಕೊಯ್ದ.

“ನೋಡಲೇ,” ಎಂದು ಕಾಕಾ ನನ್ನತ್ತ ತಿರುಗಿದ, “ಅವತ್ತ ಕೊಟ್ಟಿದ್ರ ಇವತ್ತ ಏನ್ ಮಾಡ್ತಿದ್ವಿ?”

“ನನ್ನ ಅಂಗಡ್ಯಾಗ ಇಂಥಾವು ರಾಶಿ ಬಿದ್ದಾವ್ರಿ,” ಎಂದ ಮಾಮಾ, ಸಲ್ಯೂಷನ್ ಹಚ್ಚುತ್ತ. ಕಾಕಾ ಆಗಲೇ ಹವಾ ಪಂಪಿನ ಕಡೆ ನಡೆದಿದ್ದ.