ತಲೆಬಾಗಿಲಿನಿಂದಲೇ

ಹಳೇಬೀಡಿನಲ್ಲಿ ಎತ್ತರಕ್ಕೆ ಮರ್ಯಾದೆ ಹೆಚ್ಚು. ಹನ್ನೆರಡನೆಯ ಶತಮಾನದ ಹೊಯ್ಸಳೇಶ್ವರನ ಗುಡಿಯೇ ಎತ್ತರದ ಜಗತಿಯ ಮೇಲೆ ನಿಂತಿರುವಾಗ, ಊರಿನ ಗೃಹಸ್ಥರು ತಮ್ಮ ಮನೆಗೆ ಎರಡಡಿಯ ಜಗಲಿ, ನಾಲ್ಕು ಮೆಟ್ಟಿಲು, ಗೇಣುದ್ದದ ಹೊಸ್ತಿಲು ಇಟ್ಟುಕೊಂಡರೆ ತಪ್ಪೇನು? ಮಳೆನೀರು ಒಳಗೆ ಬಾರದು, ಹುಳುಹುಪ್ಪಟೆ ನುಸುಳವು.

ಅಂಥದೊಂದು ಮನೆಯ ಹಿರಿಯ ಗೃಹಿಣಿ ಬಚ್ಚಲಿನಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು, ಹಾಸನದಿಂದ ಗಾಲಿಕುರ್ಚಿಯಲ್ಲಿ ಹಿಂತಿರುಗಿದರು. ಇಬ್ಬರು ಗಂಡಸರು ಕುರ್ಚಿಸಹಿತ ಎತ್ತಿ ಒಳಗಿಟ್ಟರು. “ಅಜ್ಜಿ ಉತ್ಸವಮೂರ್ತಿ!” ಎಂದು ಮೊಮ್ಮಗ ನಕ್ಕ. ಆಕೆ ನಗಲಿಲ್ಲ. ಹೊರಗೆ ಬರಲು ದಿನವೂ ಇಬ್ಬರ ತೋಳಿಗಾಗಿ ಕಾಯುವುದಕ್ಕಿಂತ ಒಳಗಿರುವುದೇ ಲೇಸೆಂದು ನಡುಮನೆಯಲ್ಲೇ ಉಳಿದುಬಿಟ್ಟರು.

ಮಗ ಮೇಸ್ತ್ರಿಯನ್ನು ಕರೆಸಿದ. ಇಳಿಜಾರಿನ ಲೆಕ್ಕ ಸರಳ: ಅಂಗುಲ ಎತ್ತರಕ್ಕೆ ಒಂದಡಿ ಉದ್ದ, ಎರಡಡಿಯ ಜಗಲಿಗೆ 24 ಅಡಿ. ಮನೆಗೂ ಬೀದಿಗೂ ನಡುವೆ ಇದ್ದುದು 9 ಅಡಿ. ಕಡಿದಾಗಿ ಕಟ್ಟಿಬಿಡೋಣವೆಂದ ಮೇಸ್ತ್ರಿ. ಸ್ಕೂಟರಿಗೇನೋ ಅದು ಸರಿಯೇ. ಕುರ್ಚಿಯಲ್ಲಿ ಕೂತವರನ್ನು ಹಿಂದಕ್ಕೆ ಮಗುಚೀತು. ಹಿತ್ತಲ ಕಡೆ ನೆಲ ಸಮವಾಗಿತ್ತು.

“ಅಮ್ಮ, ಹಿತ್ತಲಿನಿಂದ ಓಡಾಡಿದರೆ ಆಗದೆ?”

“ಸೇರು ಒದ್ದು ತಲೆಬಾಗಿಲಿನಿಂದ ಬಂದವಳು ಕಣಪ್ಪ ನಾನು. ನನ್ನ ಕನಕಾಂಬರದ ಪಾತಿ ಬೇಕಾದರೆ ಕಿತ್ತುಹಾಕು.”

ಪಾತಿ ಹೋಯಿತು. ಮನೆಯ ಪಕ್ಕದಲ್ಲಿ 12 ಅಡಿ ಏರಿ, ಕುರ್ಚಿ ತಿರುಗುವಷ್ಟು ಸಮತಟ್ಟಾದ ಕಟ್ಟೆಯಲ್ಲಿ ಹೊರಳಿ, ಮತ್ತೆ 12 ಅಡಿ ಏರಿ ಜಗಲಿಯನ್ನು ಮುಟ್ಟುವ ದಾರಿ ಸಿದ್ಧವಾಯಿತು. ಎರಡು ಬದಿಗೂ ಹಿಡಿಕಂಬಿ.

ಬಚ್ಚಲಿನ ಮಾತೇ ಬೇರೆ. ಅದರ ಬಾಗಿಲು ಒಳಕ್ಕೆ ತೆರೆಯುತ್ತಿತ್ತು. ಬಿದ್ದ ದಿನ ಆಕೆಯ ಮೈಯೇ ಕದಕ್ಕೆ ಅಡ್ಡವಾಗಿತ್ತು. ಹೊರಗಿನವರು ಗಾಬರಿಯಿಂದ ನೂಕಿದಷ್ಟೂ ಮುರಿದ ಸೊಂಟಕ್ಕೇ ಪೆಟ್ಟು. ಕೂಗಿ ಹೇಳಲೂ ಆಕೆಗೆ ಉಸಿರಿರಲಿಲ್ಲ. ಇದನ್ನು ತಿಳಿದ ಮಗ ಬಹಳ ಹೊತ್ತು ಮಾತನಾಡಲಿಲ್ಲ. ಈಗಿನ ಬಾಗಿಲು ಮೂರಡಿ ಅಗಲ, ಹೊರಕ್ಕೆ ತೆರೆಯುವಂಥದು. ಹೊಳಪಿನ ಗ್ರಾನೈಟ್ ಹೋಗಿ ಒರಟು ಕಲ್ಲು ಬಂದಿದೆ. ಕಮೋಡಿನ ಪಕ್ಕದ ಗೋಡೆಯೊಳಕ್ಕೆ ಬಲವಾದ ಕಂಬಿ ಹುಗಿದಿದ್ದಾರೆ. ಟವೆಲ್ ಹಾಕುವ ಕಂಬಿ ಟವೆಲನ್ನಷ್ಟೇ ತಡೆದೀತು. ಇಂಥವನ್ನು ಮನೆ ಕಟ್ಟುವಾಗಲೇ ಮಾಡಿಸಿದ್ದರೆ ಖರ್ಚು ಎಷ್ಟೋ ಕಡಮೆ. ಆದರೆ ಗೃಹಪ್ರವೇಶದ ಸಂಭ್ರಮದಲ್ಲಿ ಮುಪ್ಪಿನ ನೆನಪು ಯಾರಿಗೆ? ವಿಕಲಚೇತನರ ಹಕ್ಕುಗಳ 2016ರ ಕಾಯಿದೆ ಸಾರ್ವಜನಿಕ ಕಟ್ಟಡಗಳನ್ನು ವಿಚಾರಿಸಿಕೊಳ್ಳುತ್ತದೆ. ಸ್ವಂತ ಮನೆಯ ಬಚ್ಚಲನ್ನು ಮನೆಯವರೇ ವಿಚಾರಿಸಿಕೊಳ್ಳಬೇಕು.

ಉಳಿದುದು ಹೊಸ್ತಿಲು. ಅದನ್ನು ತೆಗೆಯಲು ಮೇಸ್ತ್ರಿ ಒಪ್ಪಲಿಲ್ಲ, ಸೊಸೆಗೂ ಅಳುಕು. ಕೊನೆಗೆ ಅದೇ ಮರವನ್ನು ಅದೇ ಜಾಗದಲ್ಲಿ ನೆಲಕ್ಕೆ ಸಮನಾಗಿ ಹುದುಗಿಸಿದರು. ಅರಿಸಿನ ಕುಂಕುಮ ತಪ್ಪಲಿಲ್ಲ.

ಮೊದಲ ಶುಕ್ರವಾರ ಆಕೆ ಯಾರ ನೆರವೂ ಇಲ್ಲದೆ ಹೊಸ್ತಿಲು ದಾಟಿ ಜಗಲಿಗೆ ಬಂದರು. ಗಾಲಿಗೆ ಸಿಕ್ಕಿ ಸೊಸೆಯ ರಂಗೋಲಿಯ ಒಂದು ಪಕ್ಕ ಅಳಿಸಿಹೋಯಿತು.

“ನಾಳೆಯಿಂದ ನಡುವೆ ದಾರಿ ಬಿಟ್ಟು ಹಾಕಮ್ಮ” ಎಂದು ಹೇಳಿ, ಹೂವಿನವಳನ್ನು ಕೂಗಿದರು.